ರಾಜಣ್ಣನ ಒಳಗಿನ ಕಂಪ್ಯೂಟರು

ವೀರಮ್ಮನ ಹತ್ತಿರ ಫೋನ್ ಇರಲಿಲ್ಲ.

ಸಣ್ಣ ಸೆಟ್ಟೂ ಇಲ್ಲ, ದೊಡ್ಡದೂ ಇಲ್ಲ. ಐವತ್ತೆರಡು ವರ್ಷ ಅದಿಲ್ಲದೆಯೇ ಬದುಕಿದ್ದಳು. ಹಾಗಾಗಿ ಫೋನಿನ ಜಾಡು ಹಿಡಿದು ಅವಳನ್ನು ಹುಡುಕಲು ಯಾರಿಂದಲೂ ಸಾಧ್ಯವಿರಲಿಲ್ಲ.

ಆದರೂ ಹುಡುಕಿದ್ದರು.

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ. ಗೋಪಿನಾಥಂ. ಕಾಡು ಮುಗಿದು ತಮಿಳುನಾಡು ಶುರುವಾಗುವ ಜಾಗ. ಮೀನು ಹಿಡಿಯುವ ಪುಟ್ಟಸಿದ್ದಯ್ಯನ ಗುಡಿಸಲ ಹಿಂದೆ, ಒಣಹಾಕಿದ ಬಲೆಯ ಕೆಳಗೆ ನಾನೂ ವೀರಮ್ಮನೂ ಬೋರಲು ಮಲಗಿದ್ದೆವು. ಹತ್ತು ಮಾರು ದೂರದಲ್ಲಿ ಒಂದು ಬಿಳಿ ಜೀಪು. ಇಂಜಿನ್ ಇನ್ನೂ ಓಡುತ್ತಿತ್ತು.

ಮೂವರು ಇಳಿದರು. ಒಬ್ಬನ ಕೈಯಲ್ಲಿ ಕಲ್ಲು ಒಡೆಯುವ ಸುತ್ತಿಗೆ.

"ಪುಟ್ಟಸಿದ್ದಯ್ಯ ಅಂದ್ರೆ ನೀನೇಯಾ?"

"ಊಂ ಸಾ."

"ಮುಳ್ಳೂರು ಕಡೆಯಿಂದ ಒಬ್ಳು ಎಂಗಸು ಬಂದವಳಲ್ಲ. ಎಲ್ಲವಳೆ?"

"ಯಾವ ಎಂಗಸು ಸಾ. ಮೀನು ತಕಳಾರು ಬುಟ್ರೆ ನಮ್ಮಟ್ಟಿಗೆ ನಾಯೂ ಬರಾಕಿಲ್ಲ."

"ನಾಯಿ ಬರಾಕಿಲ್ವಾ? ನಾವು ಬಂದಿವಲ್ಲ."

"ಅದ್ಕೇಯ ಯೋಳಿದ್ದು ಸಾ."

ಒಂದು ಏಟಿನ ಸದ್ದು ಕೇಳಿಸಿತು. ಪುಟ್ಟಸಿದ್ದಯ್ಯ ಕೆನ್ನೆ ಹಿಡಿದುಕೊಂಡು ಕೂತ.

ನನಗೆ ಭಯವಾದದ್ದು ಸುತ್ತಿಗೆ ನೋಡಿ ಅಲ್ಲ. ಅವರು ಊರಲ್ಲಿ ಯಾರನ್ನೂ ವಿಚಾರಿಸಿರಲಿಲ್ಲ. ನೇರ ಈ ಗುಡಿಸಲಿಗೇ ಬಂದಿದ್ದರು. ಹೆಸರು ಹಿಡಿದು ಕರೆದಿದ್ದರು...

ಇನ್ನು ಕಾಯುವ ಹಾಗಿರಲಿಲ್ಲ. ವೀರಮ್ಮನ ರಟ್ಟೆ ಹಿಡಿದು ಹುಣಸೆಮರಗಳ ಸಾಲಿನತ್ತ ತೆವಳಿದೆ. ಆಚೆ ಕಾರಿನಲ್ಲಿ ಶಂಕರ್ ಕೂತಿದ್ದ. ಆರು ವರ್ಷದಿಂದ ನನ್ನ ಡ್ರೈವರು. ನಮ್ಮ ಮುಖ ನೋಡಿದ್ದೇ ಕೀ ತಿರುಗಿಸಿದ.

ಜೀಪಿನವರಿಗೆ ಸದ್ದು ಕೇಳಿಸಿತು.

ಆ ಕಾಡುರಸ್ತೆಯಲ್ಲಿ ಒಂದು ಗಾಡಿ ಹೋಗಬಹುದು, ಎರಡು ಹೋಗುವುದು ಕಷ್ಟ. ಹಿಂದೆ ಧೂಳು, ಧೂಳಿನೊಳಗೆ ಹೆಡ್‌ಲೈಟು. ಹತ್ತಿರವಾಗುತ್ತಲೇ ಇತ್ತು. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು. ಆ ಊರಿಗೆ ದಿನಕ್ಕೆ ಬರುವ ಬಸ್ಸುಗಳೇ ಬೆರಳೆಣಿಕೆ, ಅದರಲ್ಲೊಂದು ನಮ್ಮ ಎದುರಿಗೇ.

"ಲೇ ಶಂಕ್ರ, ನಿಲ್ಸು."

"ನಿಲ್ಸಿದ್ರೆ ಸಾಯ್ತೀವಿ ಕಣಣ್ಣ."

ಎಡಗಡೆಯ ಎರಡು ಚಕ್ರ ಹಳ್ಳದ ಅಂಚಿಗೆ ಇಳಿಸಿ, ಬಸ್ಸಿನ ಪಕ್ಕೆಗೆ ಕನ್ನಡಿ ಮುರಿಸಿಕೊಂಡು ಆಚೆ ದಾಟಿಸಿದ. ಜೀಪಿನವನಿಗೆ ಆ ಧೈರ್ಯ ಬರಲಿಲ್ಲ. ರಿವರ್ಸ್ ಹೋಗಬೇಕಾಯಿತು. ನಮಗೆ ಅರ್ಧ ಗಂಟೆ ಸಿಕ್ಕಿತು.

ಆ ಅರ್ಧ ಗಂಟೆ ಕೊಡಿಸಿದವನು ಶಂಕರ್. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ನನ್ನ ಹೆಸರು ಶಾಂತಮೂರ್ತಿ. ಕೊಳ್ಳೇಗಾಲದ ಕೋರ್ಟಿನ ಸುತ್ತ ಮೂರ್ತಿ ಎಂದರೆ ಸಾಕು. ಸಾಕ್ಷಿಗಳನ್ನು ಬಚ್ಚಿಟ್ಟು, ತಾರೀಕಿನ ದಿನ ಕಟಕಟೆಗೆ ಹತ್ತಿಸುವುದು ನನ್ನ ಕೆಲಸ.

ವೀರಮ್ಮನ ಕೇಸು ಇಷ್ಟೇ. ಹನೂರಿನ ಆಚೆ ಮಲ್ಲಿಕಾರ್ಜುನಸ್ವಾಮಿ ಎಂಬುವನ ಕರಿಕಲ್ಲಿನ ಕ್ವಾರಿ. ಒಂದೂವರೆ ವರ್ಷದ ಹಿಂದೆ ಸೈರನ್ ಊದದೆ ಮದ್ದು ಸಿಡಿಸಿದರು. ಇಬ್ಬರು ಕೂಲಿಗಳು ಸತ್ತರು. ಹೆಣಗಳನ್ನು ರಸ್ತೆಗೆ ಒಯ್ದು ಹಾಕಿ, ಯಾವುದೋ ಲಾರಿ ಗುದ್ದಿ ಹೋಯಿತು ಎಂದು ಬರೆಸಿದರು. ಒಯ್ದದ್ದನ್ನು ನೋಡಿದವರು ಮೂವರು. ಕೇಸು ನನ್ನ ಕೈಗೆ ಬರುವ ಮುಂಚೆಯೇ ಇಬ್ಬರು ಕೋರ್ಟಿನಲ್ಲಿ ಉಲ್ಟಾ ಹೊಡೆದಿದ್ದರು. ಉಳಿದವಳು ವೀರಮ್ಮ, ಕ್ವಾರಿಯಲ್ಲಿ ಅಡುಗೆ ಮಾಡುತ್ತಿದ್ದವಳು. ಸತ್ತವರು ಅವಳಿಗೆ ನೆಂಟರಲ್ಲ.

"ಮತ್ಯಾಕವ್ವ ನಿಂಗೆ ಈ ಉಸಾಬರಿ?" ಎಂದು ಒಮ್ಮೆ ಕೇಳಿದ್ದೆ.

"ಅರ್ಧ ಗಂಟೆ ಮುಂಚೆ ನನ್ ಕೈಯಾರ ಮುದ್ದೆ ಇಕ್ಕಿದ್ದೆ ಕಣಪ್ಪ. ಲಾರಿ ಗುದ್ತು ಅಂದ್ರೆ ನಾನೆಂಗೆ ಊಂ ಅನ್ಲಿ?"

ಮಂಗಳವಾರ ಹನ್ನೊಂದಕ್ಕೆ ಅವಳ ಸಾಕ್ಷಿ. ಅಲ್ಲಿಯವರೆಗೆ ಅವಳು ಉಸಿರಾಡುತ್ತಿರಬೇಕು.

ಶನಿವಾರ ಮುಳ್ಳೂರಿನಲ್ಲಿ ಅವಳ ತಂಗಿಯ ಮನೆಯಲ್ಲಿ ಇಟ್ಟಿದ್ದೆ. ಮೂರೇ ಗಂಟೆಯಲ್ಲಿ ಅದೇ ಬಿಳಿ ಜೀಪು ಬಂತು. ಹಿತ್ತಲಿಂದ ದಾಟಿಸಿದೆ. ಭಾನುವಾರ ಗೋಪಿನಾಥಂ. ಸೋಮವಾರ ಅಲ್ಲಿಗೂ ಬಂದರು. ಎರಡೂ ಜಾಗ ಗೊತ್ತಿದ್ದವರು ಮೂವರು. ನಾನು. ನಮ್ಮ ವಕೀಲರಾದ ರತ್ನ ಮೇಡಂ. ಶಂಕರ್.

ನಾನು ಹೇಳಿಲ್ಲ. ಮೇಡಂ ಹೇಳುವವರಲ್ಲ.

ಮಾದೇಶ್ವರನ ಬೆಟ್ಟದ ಬಸ್ ಸ್ಟ್ಯಾಂಡಿನ ಹಿಂದೆ ಕಾರು ನಿಲ್ಲಿಸಲು ಹೇಳಿದೆ. ಶಂಕರನ ಜೇಬಿಗೆ ಕೈ ಹಾಕಿ ಅವನ ಫೋನ್ ತೆಗೆದುಕೊಂಡೆ. ಭಾನುವಾರ ಸಂಜೆ ಒಂದು ನಂಬರಿಗೆ ನಾಲ್ಕು ಸಲ ಕರೆ ಹೋಗಿತ್ತು. ಹೆಸರಿಲ್ಲದ ನಂಬರು.

"ಯಾರ್ದು ಇದು?"

"ದೀಪಂದು ಅಣ್ಣ. ಅವ್ಳ ಸೆಟ್ಟು ಕೆಟ್ಟೋಗದೆ. ಅವ್ಳ ತಮ್ಮಂದು ತಕಂಡವಳೆ."

ದೀಪ ಅವನ ಹೆಂಡತಿ. ಆ ನಂಬರಿಗೆ ಒಂದು ರಿಂಗ್ ಕೊಟ್ಟಿದ್ದರೆ ಸಾಕಿತ್ತು. ನಾನು ಕೊಡಲಿಲ್ಲ. ಕೆನ್ನೆಗೆ ಕೊಟ್ಟೆ.

"ಎಷ್ಟಕ್ಕೆ ಮಾರ್ದೆ ಅವಳನ್ನ?"

ಅವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ಈಗ್ತಾನೆ ಹಳ್ಳದ ಮ್ಯಾಲೆ ಗಾಡಿ ಓಡ್ಸಿದ್ನಲ್ಲಣ್ಣ... ಮಾರೋನು ಅಂಗೆ ಓಡ್ಸಾನಾ?"

"ಇಳಿ."

"ಅಣ್ಣ..."

"ಇಳಿಯೋ. ಬಸ್ಸು ಹಿಡ್ಕೊಂಡು ಹೋಗು. ಫೋನ್ ನನ್ ಹತ್ರ ಇರತ್ತೆ."

ಇಳಿದ. ನಾನು ಸ್ಟೇರಿಂಗ್ ಹಿಡಿದೆ. ಹಿಂದಿನ ಸೀಟಿನಲ್ಲಿ ಕಂಬಳಿಯೊಳಗಿದ್ದ ವೀರಮ್ಮ ತಾಳಬೆಟ್ಟದ ತಿರುವುಗಳು ಮುಗಿದ ಮೇಲೆ ತಲೆ ಹೊರಗೆ ಹಾಕಿದಳು.

"ಅವ್ನ ಮೊಕ ನೋಡಿದ್ಯಾ ನೀನು?"

"ನೋಡ್ದೆ."

"ನೋಡ್ನಿಲ್ಲ ಬುಡು. ಕೈ ನೋಡ್ಕಂಡಿದ್ದೆ. ನಿಂದೇಯ."

ಹನೂರು ಬರುವಾಗ ಎರಡು ಗಂಟೆ. ಊರ ಹೊರಗೆ ಬಾಳೆಗೊನೆ ತುಂಬಿದ ಲಾರಿಗಳ ಹಿಂದೆ ಕಾರು ಮರೆಮಾಡಿದೆ. ನನ್ನ ಫೋನನ್ನು ಆನ್ ಮಾಡಿದೆ. ಟವರ್ ಹಿಡಿದು ಯಾರೂ ಬರಬಾರದು ಎಂದು ಭಾನುವಾರ ಸಂಜೆಯೇ ಅದನ್ನು ಆಫ್ ಮಾಡಿಟ್ಟಿದ್ದೆ. ಅಷ್ಟು ಜಾಣ ನಾನು!

ಆನ್ ಆದ ಎರಡೇ ನಿಮಿಷಕ್ಕೆ ರತ್ನ ಮೇಡಂ.

"ಮೂರ್ತಿ, ಬದುಕಿದ್ದೀರಾ? ಬೆಳಿಗ್ಗೆಯಿಂದ ಎಷ್ಟು ಮೆಸೇಜು ಹಾಕೋದು. ನೋಡಿದ ಮೇಲೆ ಒಂದು ಅಕ್ಷರ ಉತ್ತರ ಕೊಡೋಕಾಗಲ್ವಾ?"

"ನಾನೆಲ್ಲಿ ನೋಡ್ದೆ ಮೇಡಂ."

"ಒಂಬತ್ತೂ ಹತ್ತಕ್ಕೆ ನೋಡಿದ್ದೀರಿ. ನೀಲಿ ಗೆರೆ ಬಂದಿದೆ."

"ಒಂಬತ್ತೂ ಹತ್ತಕ್ಕೆ ನನ್ನ ಫೋನ್ ಆಫ್ ಆಗಿತ್ತು."

ಕರೆ ಕಟ್ ಮಾಡಲಿಲ್ಲ.

ವಾಟ್ಸಾಪ್ ತೆರೆದೆ. ಮೇಡಂ ಕಳಿಸಿದ ಆರು ಮೆಸೇಜು ಇದ್ದವು. ಹೊಸ ಮೆಸೇಜು ಬಂದರೆ ಪಕ್ಕದಲ್ಲಿ ಹಸಿರು ಚುಕ್ಕಿ, ಅದರೊಳಗೆ ಅಂಕಿ ಇರಬೇಕು. ಇರಲಿಲ್ಲ. ನಾನು ಓದದ ಮೆಸೇಜುಗಳನ್ನು ಯಾರೋ ಓದಿಯಾಗಿತ್ತು.

ಮೇಲಿನ ಮೂರು ಚುಕ್ಕಿ ಒತ್ತಿದೆ. ಲಿಂಕ್ಡ್ ಡಿವೈಸಸ್. ಆ ಪುಟದ ಕೆಳಗೆ ಏನಿದೆ ಎಂದು ನಾನು ಅದುವರೆಗೆ ಓದಿದವನಲ್ಲ. ಒಂದು ಕಂಪ್ಯೂಟರಿನ ಚಿತ್ರ. ಬ್ರೌಸರಿನ ಹೆಸರು. ಕೆಳಗೆ ಸಣ್ಣ ಅಕ್ಷರ: ಕೊನೆಯ ಸಲ ಬಳಸಿದ್ದು, ಇಂದು 1:52.

ಗೊತ್ತಾಯಿತು. ಮುಳ್ಳೂರು, ಗೋಪಿನಾಥಂ, ಪುಟ್ಟಸಿದ್ದಯ್ಯನ ಹೆಸರು, ಎಲ್ಲವನ್ನೂ ವಾಟ್ಸಾಪಿನಲ್ಲಿ ಮೇಡಂಗೆ ಬರೆದವನು ನಾನೇ.

ಕೋರ್ಟಿನ ಎದುರು ರಾಜಣ್ಣನ ಜೆರಾಕ್ಸ್ ಅಂಗಡಿ ಇದೆ. ತಾಲೂಕಿನವರೆಲ್ಲ ಆಧಾರು, ಪಹಣಿ, ಮಾರ್ಕ್ಸ್ ಕಾರ್ಡು ಪ್ರಿಂಟ್ ತೆಗೆಸುವುದು ಅಲ್ಲೇ. ಅವನ ನಂಬರಿಗೆ ಯಾರೂ ಏನನ್ನೂ ಕಳಿಸುವುದಿಲ್ಲ. ಕಳಿಸಿದರೆ ಅವನ ಹತ್ತಿರ ನಮ್ಮ ನಂಬರು ಉಳಿಯುತ್ತದಲ್ಲ. ಹೆಂಗಸರಿಗೆ ಅದು ಇಷ್ಟವಿಲ್ಲ, ಗಂಡಸರಿಗೆ ಬಿಂಕ. ಅದಕ್ಕೇ ಅಲ್ಲೊಂದು ಪದ್ಧತಿ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದಿರುತ್ತದೆ. ನಮ್ಮ ಫೋನಿನಿಂದ ಅದರ ಕ್ಯೂಆರ್ ಚೌಕಳಿಯನ್ನು ನಾವೇ ಸ್ಕ್ಯಾನ್ ಮಾಡಬೇಕು. ನಮ್ಮ ವಾಟ್ಸಾಪು ಅವನ ಪರದೆಗೆ ಬರುತ್ತದೆ. ಬೇಕಾದ್ದನ್ನು ಪ್ರಿಂಟ್ ಕೊಟ್ಟು ಹೊರಡಬೇಕು. ಮುಂದಿನವರು ಸ್ಕ್ಯಾನ್ ಮಾಡಬೇಕಾದರೆ ರಾಜಣ್ಣ ನಮ್ಮದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಅವರದು ತೆರೆಯುವುದಿಲ್ಲ. ಹಿಂದೆ ಯಾವಾಗಲೂ ಕ್ಯೂ ಇರುತ್ತದೆ. ಆದ್ದರಿಂದ ಯಾರೂ ತಮ್ಮ ಫೋನಿನಲ್ಲಿ ತಿರುಗಿ ನೋಡಿಕೊಳ್ಳುವುದಿಲ್ಲ. ನಂಬರು ಕೊಡದೆ ಬಂದೆವಲ್ಲ ಎಂದು ಸಮಾಧಾನ. ಇಡೀ ಮನೆಯನ್ನೇ ಕೊಟ್ಟು ಬಂದಿರುತ್ತೇವೆ.

ಶುಕ್ರವಾರ ವೀರಮ್ಮನ ಆಧಾರು ಪ್ರಿಂಟ್ ತೆಗೆಸಲು ಹೋಗಿದ್ದೆ. ಹತ್ತು ಜನ ನಿಂತಿದ್ದರು. ರಾಜಣ್ಣ ನನ್ನೊಬ್ಬನನ್ನು ಕರೆದ.

"ನೀವ್ಯಾಕೆ ಕ್ಯೂನಲ್ಲಿ ನಿಂತೀರಿ ಮೂರ್ತಿಯವ್ರೆ. ಒಳಗಡೆ ಇನ್ನೊಂದು ಕಂಪ್ಯೂಟರ್ ಅದೆ, ಬನ್ನಿ."

ಮರ್ಯಾದೆ ಅಂದುಕೊಂಡೆ.

ಒಳಗಿನ ಕಂಪ್ಯೂಟರಿಗೆ ಕ್ಯೂ ಇರಲಿಲ್ಲ. ನನ್ನ ನಂತರ ಸ್ಕ್ಯಾನ್ ಮಾಡಲು ಯಾರೂ ಬರುವವರಿರಲಿಲ್ಲ. ಅಲ್ಲಿ ಕುರ್ಚಿಯ ಮೇಲೆ ಒಬ್ಬ ಕೂತಿದ್ದ. ಮಲ್ಲಿಕಾರ್ಜುನಸ್ವಾಮಿಯ ರೈಟರು ಶಿವರಾಜು. ಕ್ವಾರಿಯ ಪರ್ಮಿಟ್ಟುಗಳನ್ನು ಪ್ರಿಂಟ್ ಮಾಡಿಸಲು ದಿನವೂ ಬರುವವನು. ನನಗೆ ಎದ್ದು ಜಾಗ ಬಿಟ್ಟುಕೊಟ್ಟಿದ್ದ...

"ಮೂರ್ತಿ, ಮೊದಲು ಅದನ್ನ ಲಾಗೌಟ್ ಮಾಡಿ," ಎಂದರು ಮೇಡಂ.

"ಬೇಡ."

"ಏನು ಬೇಡ?"

"ಓದ್ಲಿ. ನಾನೇ ಬರೆದು ಕೊಡ್ತೀನಿ."

ಮೇಡಂಗೆ ಬರೆದೆ: ವೀರಮ್ಮ ಯಳಂದೂರಿನ ನನ್ನ ಮನೇಲಿ ಇದ್ದಾಳೆ. ಬೆಳಿಗ್ಗೆವರೆಗೂ ಅಲ್ಲೇ. ನಾನು ಆರು ಗಂಟೆಗೆ ಹೋಗ್ತೀನಿ.

ನನ್ನದು ಒಂಟಿ ಮನೆ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಬಂದರೆ ಖಾಲಿ ಗೋಡೆ ನೋಡಿಕೊಂಡು ಹೋಗಲಿ.

ಕಳಿಸಿದ ಇಪ್ಪತ್ತೈದು ನಿಮಿಷಕ್ಕೆ ಬಿಳಿ ಜೀಪು ಬೆಟ್ಟದ ಕಡೆಯಿಂದ ಬಂತು. ಮುಂದಿನ ಸೀಟಿನವನು ಫೋನಿನಲ್ಲಿ ಮಾತಾಡುತ್ತಿದ್ದ. ಹನೂರಿನಲ್ಲಿ ಯಾವ ಕಾರನ್ನೂ ಹುಡುಕಲಿಲ್ಲ, ಟೀ ಕುಡಿಯಲೂ ನಿಲ್ಲಲಿಲ್ಲ. ಬಾಳೆಲಾರಿಗಳ ಪಕ್ಕದಲ್ಲೇ ಹಾದು ಕೊಳ್ಳೇಗಾಲದ ದಿಕ್ಕಿಗೆ ಹೋಯಿತು.

ನಕ್ಕೆ. ಹೌದು, ನಕ್ಕೆ.

ಕುಂತೂರಿಗೆ ಬಂದಾಗ ಮೂರೂ ಮುಕ್ಕಾಲು. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಮೈಲುದ್ದ ನಿಂತಿದ್ದವು. ಸರದಿ ಬರುವವರೆಗೆ ಕಬ್ಬು ಕಡಿಯುವವರು ಅಲ್ಲೇ ಒಲೆ ಹೂಡುತ್ತಾರೆ, ಅಲ್ಲೇ ಮಲಗುತ್ತಾರೆ. ನೂರು ಹೆಂಗಸರ ನಡುವೆ ಇನ್ನೊಂದು ಹೆಂಗಸು ಯಾರ ಕಣ್ಣಿಗೂ ಬೀಳುವುದಿಲ್ಲ. ಗುಂಪಿನ ಯಜಮಾನಿ ಪುಟ್ಟಗೌರಮ್ಮ ನನಗೆ ಹಳೆಯ ಪರಿಚಯ.

"ಒಂದು ರಾತ್ರಿ ನಿನ್ನ ತಂಗಿ ಅಂದ್ಕೊ," ಎಂದೆ.

"ತಂಗಿ ಆದ್ರೆ ಮುದ್ದೆ ತಿರುವ್ಲಿ. ಸುಮ್ಕೆ ಕೂತ್ರೆ ಎಲ್ರೂ ನೋಡ್ತರೆ."

ವೀರಮ್ಮ ಆಗಲೇ ಕೋಲು ಹಿಡಿದಿದ್ದಳು.

ಆಗ ಜೇಬಿನಲ್ಲಿ ಫೋನ್ ಅದುರಿತು. ನನ್ನದಲ್ಲ. ಶಂಕರನದು. ಅದೇ ಹೆಸರಿಲ್ಲದ ನಂಬರು.

"ಹಲೋ... ಮೂರ್ತಣ್ಣನಾ? ನಾನು ದೀಪ. ಇವ್ರು ಯಾರ್ದೋ ಫೋನಿಂದ ಮಾಡಿದ್ರು. ನಿಮ್ಗೆ ಯೋಳು ಅಂದ್ರು."

"ಎಲ್ಲವನೆ ಅವನು?"

"ಯಳಂದೂರ್ಲಿ ಬಸ್ಸಿಳಿದವ್ರೆ. ನಿಮ್ಮನೆ ಜಗಲಿ ಮ್ಯಾಲೆ ಕೂತಿರ್ತಾರಂತೆ. ನೀವು ಬರಗಂಟ ಏಳಾಕಿಲ್ವಂತೆ. ನಾನು ಅಂತವ್ನಲ್ಲ ಅಂತ ಮೊಕ ಕೊಟ್ಟು ಯೋಳ್ಬೇಕಂತೆ... ಏನಾಯ್ತಣ್ಣ? ನೀವಿಬ್ರೂ ಜಗಳ ಆಡಿದ್ರಾ?"

"ಎಷ್ಟೊತ್ತಾಯ್ತು ಮಾಡಿ?"

"ಹದಿನೈದು ನಿಮ್ಸ."

ಅವನ ಫೋನ್ ನನ್ನ ಕೈಯಲ್ಲಿತ್ತು. ಅವನಿಗೆ ಹೇಳಲು ಯಾವ ದಾರಿಯೂ ಇರಲಿಲ್ಲ. ಅದನ್ನು ಕಿತ್ತುಕೊಂಡವನು ನಾನು. ಜೀಪನ್ನು ಅಲ್ಲಿಗೆ ಕಳಿಸಿದವನೂ ನಾನು.

ವೀರಮ್ಮ ನನ್ನ ಮುಖ ನೋಡಿದಳು.

"ಓಗು," ಎಂದಳು. "ನಾನೆಲ್ಗೂ ಓಗಾಕಿಲ್ಲ."

ಕಾರು ತಿರುಗಿಸಿದೆ. ರಸ್ತೆ ತುಂಬ ಕಬ್ಬು. ಎದುರಿಗೆ ಟ್ರ್ಯಾಕ್ಟರು, ಅದರ ಹಿಂದೆ ಟ್ರ್ಯಾಕ್ಟರು. ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದರಲ್ಲಿ ಬರೆದೆ: ಪ್ಲಾನ್ ಚೇಂಜ್. ವೀರಮ್ಮ ಯಳಂದೂರಲ್ಲಿ ಇಲ್ಲ. ಹನೂರಿಗೆ ವಾಪಸ್ ಕರ್ಕೊಂಡು ಹೋಗ್ತಿದೀನಿ. ಮೇಡಂಗೆ ಕಳಿಸಿದೆ. ಕಳಿಸಿ, ಕರೆ ಮಾಡಿ ಶಂಕರನ ಸಂಗತಿ ಹೇಳಿದೆ.

"ಮೇಡಂ, ನಂಗೆ ಒಂದು ಮೆಸೇಜು ಹಾಕಿ. ಏನಾದ್ರೂ ಸರಿ. ನಾನು ತೆಗೆಯಲ್ಲ. ಅದು ನೀಲಿ ಆದ್ರೆ ಆ ಶಿವರಾಜು ಓದಿದ ಅಂತ ಅರ್ಥ. ಓದಿದ್ರೆ ಜೀಪಿನವ್ರನ್ನ ವಾಪಸ್ ಕರೀತಾನೆ."

"ಹಾಕಿದೆ. ಆಫೀಸಿನ ಫೋನಿಂದ ಪೊಲೀಸರಿಗೂ ಹೇಳಿದೆ, ಹೊರಟಿದ್ದಾರೆ."

"ನೀಲಿ ಆಯ್ತಾ?"

"ಇಲ್ಲ. ಎರಡು ಬೂದು ಗೆರೆ."

ಟ್ರ್ಯಾಕ್ಟರಿನವನು ದಾರಿ ಬಿಡಲಿಲ್ಲ. ಗದ್ದೆಯ ಬದುವಿಗೆ ಇಳಿಸಿ ದಾಟಿದೆ.

"ಮೇಡಂ?"

"ಬೂದು."

ಮೂರು ದಿನದಿಂದ ಹಗಲು ಹೊತ್ತಿನಲ್ಲಿ ನನ್ನ ಪ್ರತಿ ಅಕ್ಷರವನ್ನೂ ಬಂದ ನಿಮಿಷಕ್ಕೇ ಓದಿದವನು. ಈಗ ಓದು ಮಾರಾಯ... ಓದು.

"ಮೇಡಂ?"

"ಮೂರ್ತಿ, ಆದ್ರೆ ನಾನೇ ಹೇಳ್ತೀನಿ. ರಸ್ತೆ ನೋಡಿ."

ಯಳಂದೂರಿನ ಮೊದಲ ಮನೆಗಳು ಕಂಡವು. ನಾಲ್ಕೂ ಇಪ್ಪತ್ತೊಂದು.

"ನೀಲಿ ಆಯ್ತು," ಎಂದರು ಮೇಡಂ.

ನನ್ನ ಬೀದಿಗೆ ತಿರುಗುವಾಗ ಬಿಳಿ ಜೀಪು ಎದುರಿಗೆ ಬಂತು. ಆತುರದಲ್ಲಿತ್ತು. ನನ್ನನ್ನು ನೋಡಲೂ ಇಲ್ಲ. ಹನೂರಿನ ಕಡೆಗೆ ಹೊರಟಿತ್ತು.

ಜಗಲಿ ಖಾಲಿ. ಒಂದು ಚಪ್ಪಲಿ ಮಾತ್ರ. ಬಾಗಿಲ ಬೀಗ ಒಡೆದು ಬಿದ್ದಿತ್ತು. ಬೀದಿಯವರು ತಮ್ಮ ತಮ್ಮ ಬಾಗಿಲು ಹಾಕಿಕೊಂಡಿದ್ದರು.

ಶಂಕರ್ ಅಡುಗೆಮನೆಯ ನೆಲದ ಮೇಲಿದ್ದ. ಅವನಿಗೆ ಪ್ರಜ್ಞೆ ಇತ್ತು. ಇರದಿದ್ದರೆ ಒಳ್ಳೆಯದಿತ್ತು.

"ಎಲ್ಲವಳೆ, ಎಲ್ಲವಳೆ ಅಂತಲೇ ಕೇಳಿದ್ರಣ್ಣ," ಎಂದ. "ನಂಗೊತ್ತಿಲ್ಲ ಅಂದೆ. ನಂಬ್ನಿಲ್ಲ."

"ಮಾತಾಡ್ಬೇಡ."

"ಗೊತ್ತಿದ್ರೆ ಯೋಳ್ಬುಡ್ತಿದ್ದೆ ಕಣಣ್ಣ. ಎರಡ್ನೇ ಏಟ್ಗೇ ಯೋಳ್ಬುಡ್ತಿದ್ದೆ. ಗೊತ್ತಿರ್ನಿಲ್ಲ."

ನಾನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವನು ಬೇರೆ ಕಡೆ ನೋಡುತ್ತಿದ್ದ.

ಪೊಲೀಸರು ಹತ್ತು ನಿಮಿಷದಲ್ಲಿ ಬಂದರು. ಜೀಪು ಅದೇ ಸಂಜೆ ಸಿಕ್ಕಿತು. ಶಿವರಾಜು ಕುರ್ಚಿಯಲ್ಲೇ ಸಿಕ್ಕಿದ. ಕೊನೆಯ ಮೆಸೇಜು ಓದಲು ಯಾಕೆ ತಡವಾಯಿತು ಎಂದು ಆಮೇಲೆ ಗೊತ್ತಾಯಿತು. ಜೀಪಿನವರು ಯಾರನ್ನೋ ಹಿಡಿದಿದ್ದೇವೆ ಎಂದು ಫೋನ್ ಮಾಡಿದ್ದರಂತೆ. ಇನ್ನು ಓದುವುದೇನಿದೆ ಎಂದು ಅವನು ಎದ್ದು ಹೋಗಿದ್ದ. ಬೋಂಡ ತಿಂದು, ಟೀ ಕುಡಿದು ಬಂದಿದ್ದ.

ಮಂಗಳವಾರ ಹನ್ನೊಂದಕ್ಕೆ ವೀರಮ್ಮ ಕಟಕಟೆ ಹತ್ತಿದಳು. ನಲವತ್ತು ನಿಮಿಷ ಮಾತಾಡಿದಳು. ಎದುರು ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಒಂದೇ ಮಾತು.

"ಲಾರಿ ಅಲ್ಲ ಸಾ. ನಾನು ಕಂಡಿವ್ನಿ."

ಇಳಿದು ಬಂದವಳು ನನ್ನನ್ನು ದಾಟಿ ನೇರ ಆಸ್ಪತ್ರೆಯ ದಾರಿ ಹಿಡಿದಳು. ಕಾರಿನಲ್ಲಿ ಬಿಡುತ್ತೇನೆ ಎಂದೆ. ಬ್ಯಾಡ ಎಂದಳು.

ಕೇಸು ಇನ್ನೂ ನಡೆಯುತ್ತಿದೆ. ಮಲ್ಲಿಕಾರ್ಜುನಸ್ವಾಮಿಗೆ ಬೇಲು ಸಿಕ್ಕಿದೆ. ರಾಜಣ್ಣನನ್ನೂ ಅವನ ಒಳಗಿನ ಕಂಪ್ಯೂಟರನ್ನೂ ಪೊಲೀಸರು ಒಯ್ದರು. ಹೊರಗಿನವು ಓಡುತ್ತಿವೆ. ಅವನ ತಮ್ಮ ನೋಡಿಕೊಳ್ಳುತ್ತಾನೆ. ಮೊನ್ನೆ ಹಾದು ಹೋದೆ. ಕ್ಯೂ ಇತ್ತು. ಒಬ್ಬೊಬ್ಬರೇ ಮುಂದೆ ಬಂದು ಫೋನ್ ಎತ್ತಿ ಹಿಡಿಯುತ್ತಿದ್ದರು.

ನೀವೂ ಒಂದು ಸಾಕ್ಷಿಯನ್ನು ಬಚ್ಚಿಡಬೇಕು ಎಂದು ಬಂದಿದ್ದೀರಿ. ನನ್ನ ಕೈಯಲ್ಲಿ ಸಾಕ್ಷಿ ಯಾವತ್ತೂ ತಪ್ಪಿಲ್ಲ ಎಂದು ಯಾರೋ ಹೇಳಿರಬೇಕು. ನಿಜ. ತಪ್ಪಿಲ್ಲ. ಹೋದದ್ದರ ಲೆಕ್ಕವನ್ನೂ ಕೇಳಿಬಿಡಿ.

ಶಂಕರನಿಗೆ ಎರಡು ಮಂಡಿಚಿಪ್ಪು, ಬಲಗೈಯ ಮೂರು ಬೆರಳು, ಎಡಗಣ್ಣು.

ನನಗೆ ಒಂದು ಬೀಗ.